ಸಿಂಹದ ಕಿವಿಗೆ ಓಲೆ

“ಹೆಂಗಸಿನ ಕೈಗೆ ಕುಲುಮೆ ಒಗ್ಗುವುದಿಲ್ಲ. ಒಂದು ಚಿನ್ನದ ರವೆ ಬೆಸೆಯುವಷ್ಟರಲ್ಲಿ ಮುಸುಕಿಗೆ ಬೆಂಕಿ ಹಚ್ಚಿಕೊಳ್ಳುತ್ತಾಳೆ” ಎಂದು ಅರ್ತಿಮೆಯ ಸೋದರಮಾವ, ಅಕ್ಕಸಾಲಿ ಕಾರೂಸ, ನಕ್ಕಿದ್ದ. ಅವಳು ಅವನ ಕುಲುಮೆಯ ಬಳಿ ನಿಂತು ನೋಡಿಯೇ ಕೆಲಸ ಕಲಿತಿದ್ದಳು.

ಲಿಡಿಯಾ ರಾಜ್ಯದ ಹೊಳೆಯಲ್ಲಿ ಚಿನ್ನ ಹರಿಯುತ್ತಿದ್ದ ಕಾಲದ ಮಾತು ಇದು. ಅರ್ತಿಮೆಯ ಗಂಡ ಮಾನೇಸ ಕುರಿದೊಗಲನ್ನು ನೀರಿಗೆ ಹಾಸಿ, ಉಣ್ಣೆಗೆ ಸಿಕ್ಕಿದ ಚಿನ್ನದ ಪುಡಿ ಹಿಡಿಯುತ್ತಿದ್ದ. ಹೊಳೆಯೆಲ್ಲ ತನ್ನದೆನ್ನುತ್ತಿದ್ದ ಬೆಟ್ಟದ ಮಾಂತ್ರಿಕ ಅವನನ್ನು ಸಿಂಹ ಮಾಡಿಬಿಟ್ಟ. ಅವನು ಕೊನೆಯ ಸಲ ಹಾಸಿದ್ದ ತೊಗಲೊಂದೇ ಉಳಿಯಿತು. ಅದರ ಮೇಲೆ ತಲೆಯಿಟ್ಟರೆ ಮಾತ್ರ ಅರ್ತಿಮೆಗೆ ನಿದ್ದೆ.

ಅವಳು ಅದನ್ನು ಹೊತ್ತು ಬೆಟ್ಟ ಹತ್ತಿದಳು. “ನನ್ನ ಗಂಡನನ್ನು ಕೊಡು.”

“ಮೂರು ಕೆಲಸ ಮಾಡು, ಕೊಡುತ್ತೇನೆ. ಸೋತರೆ ನೀನೂ ಸಿಂಹಿಣಿ” ಎಂದ ಮಾಂತ್ರಿಕ. “ಮೊದಲು ಆ ತೊಗಲು ಸುಟ್ಟು ಚಿನ್ನ ತೆಗೆ. ಅದನ್ನು ಸುಟ್ಟರೆ ಅವನ ನೆನಪಿನಿಂದ ನೀನು ಅಳಿಸಿಹೋಗುತ್ತೀ. ಆಗಬಹುದೇ?”

ಅರ್ತಿಮೆ ತೊಗಲಿಗೆ ಮುಖ ಒತ್ತಿ ಉಸಿರೆಳೆದುಕೊಂಡಳು. ಆಮೇಲೆ ಬೆಂಕಿಗಿಟ್ಟಳು. ಬೂದಿಯಲ್ಲಿ ಉಳಿದ ಚಿನ್ನ ಬೆಳ್ಳಿ ಬೆರೆತು ಬಿಳಿಚಿಕೊಂಡಿತ್ತು.

“ಈಗ ಬೆಳ್ಳಿ ಬೇರೆ ಮಾಡಿ, ಉಳಿದ ಚಿನ್ನದಲ್ಲಿ ಒಂದು ಓಲೆ ಮಾಡು. ಅತ್ತು ತೊಳೆಯುತ್ತೀಯೇನು?”

“ಕಣ್ಣೀರಿನ ಉಪ್ಪು ಸಾಲದು ಮಹಾರಾಯ. ಒಂದು ಬುಟ್ಟಿ ತರಿಸು.”

ಚಿನ್ನವನ್ನು ತಗಡಾಗಿ ಬಡಿದು, ಮಡಕೆಯಲ್ಲಿ ಉಪ್ಪಿನ ನಡುವೆ ಹುದುಗಿಸಿ, ಕುಲುಮೆ ಆರದಂತೆ ಕಾದಳು. ಉಪ್ಪು ಬೆಳ್ಳಿಯನ್ನು ತಿಂದಿತು. ಹಳದಿ ಚಿನ್ನದಲ್ಲಿ ಓಲೆ ಮಾಡಿ, ಸುತ್ತ ಸಾಸಿವೆಗಿಂತ ಸಣ್ಣ ರವೆ ಬೆಸೆದು, ನಡುವೆ ಕೆಂಪು ಹರಳು ಕೂರಿಸಿದಳು.

“ಇದನ್ನು ನಿನ್ನವನ ಕಿವಿಗೆ ತೊಡಿಸು” ಎಂದು ಮಾಂತ್ರಿಕ ಮೂರು ಸಿಂಹಗಳನ್ನು ಬಿಟ್ಟ. ಮೂರೂ ಒಂದೇ ಅಚ್ಚು. ಯಾವುದಕ್ಕೂ ಅವಳ ಗುರುತಿಲ್ಲ.

ಅರ್ತಿಮೆ ತನ್ನ ಉಣ್ಣೆಯ ಶಾಲನ್ನು ತೊರೆಗೆ ಹಾಸಿ, ತುದಿಗೆ ಕಲ್ಲು ಹೇರಿ ಕುಳಿತಳು. ಬಾಯಾರಿದ ಮೊದಲ ಸಿಂಹ ಶಾಲನ್ನು ತುಳಿದು ನೀರು ಕುಡಿಯಿತು. ಎರಡನೆಯದು ಮೇಲ್ಗಡೆ ಇಳಿದು ಕೆಸರು ಕದಡಿತು. ಮೂರನೆಯದು ನಿಂತಿತು, ಬಳಸಿ ನಡೆದು ಕೆಳಗಡೆ ಹೋಗಿ ಕುಡಿಯಿತು. ಚಿನ್ನ ಹಿಡಿಯುವವರು ಹಾಸಿದ ಉಣ್ಣೆಯ ಮೇಲ್ಗಡೆ ಎಂದೂ ನೀರಿಗಿಳಿಯುವುದಿಲ್ಲ; ಇಳಿದರೆ ಸಿಕ್ಕ ಪುಡಿಯೆಲ್ಲ ಕೊಚ್ಚಿಹೋಗುತ್ತದೆ.

ಅದರ ಕಿವಿಗೆ ಓಲೆ ತೊಡಿಸಿದಳು. ಸಿಂಹ ಮಾನೇಸನಾಯಿತು. ಉಳಿದೆರಡೂ ಮನುಷ್ಯರಾಗಿ ಮನೆಗೆ ಓಡಿದವು. ಮಂತ್ರ ಮಗುಚಿ ಬಿದ್ದು ಮಾಂತ್ರಿಕ ಕಲ್ಲಿನ ಸಿಂಹವಾದ.

“ಯಾರಮ್ಮ ನೀವು?” ಎಂದ ಮಾನೇಸ.

“ಅಕ್ಕಸಾಲಿ” ಎಂದಳು ಅರ್ತಿಮೆ.

ಹೊಳೆ ಊರಿನವರದಾಯಿತು, ಎಲ್ಲರೂ ಸುಖವಾಗಿದ್ದಾರೆ. ಪೇಟೆಯಲ್ಲಿ ಈಗ ಅರ್ತಿಮೆಯದೇ ಕುಲುಮೆ, ಅವಳದೇ ಮನೆ. ಕಾರೂಸನ ಶಿಷ್ಯರೂ ಅವಳಲ್ಲೇ ಕೆಲಸ ಕಲಿಯುತ್ತಾರೆ. ಮಾನೇಸ ಚಿನ್ನ ತರುತ್ತಾನೆ, ಅವಳ ಕೈಯಡುಗೆ ಉಂಡು ನಗುತ್ತಾನೆ, “ಬರುತ್ತೇನಮ್ಮ” ಎಂದು ಹೋಗುತ್ತಾನೆ. ಇಷ್ಟಕ್ಕೂ ಅವಳು ತೆತ್ತದ್ದು, ಅವನು ಹೊಸ್ತಿಲಲ್ಲೇ ನಿಂತು “ಏನೇ” ಎಂದು ಕೂಗುತ್ತಿದ್ದ ಆ ಒಂದು ಕರೆ.