ಎರಡು ಬಡಿತ

ಮಂಗಳವಾರ ಮಧ್ಯಾಹ್ನ ಹನ್ನೆರಡೂವರೆಗೆ ಠಾಣೆಗೆ ಬಂದ ಹಲ್ಲಿನ ಡಾಕ್ಟರು ಮೊದಲು ಕೇಳಿದ್ದು ತಮ್ಮ ಕಾರಿನ ವಿಷಯ. ಅದರ ಕೆಳಗೆ ಮನುಷ್ಯನೊಬ್ಬ ಸತ್ತಿದ್ದಾನೆಂದು ಹೇಳಿದ್ದು ಆಮೇಲೆ.

"ಆಯಿಲ್ ಬದಲಾಯಿಸೋಕೆ ಬಿಟ್ಟಿದ್ದೆ. ಜರ್ಮನ್ ಗಾಡಿ. ಅದನ್ನೂ ಜಪ್ತಿ ಮಾಡ್ತೀರಾ?"

"ಮೊದಲು ಕೆಳಗಿರೋರನ್ನ ತೆಗೀತೀವಿ," ಎಂದರು ಇನ್‌ಸ್ಪೆಕ್ಟರ್.

ಗ್ಯಾರೇಜು ಎರಡು ಬೀದಿಯಾಚೆ ಇತ್ತು. ಗಂಡ, ಹೆಂಡತಿ ಇಬ್ಬರೇ ನಡೆಸುತ್ತಿದ್ದ ಜಾಗ. ಯುರೋಪಿನ ಕಾರುಗಳನ್ನು ಮಾತ್ರ ಮುಟ್ಟುತ್ತಿದ್ದರು. ಕಂಪನಿಯವರು ಇಡೀ ಭಾಗವನ್ನೇ ಬದಲಿಸಬೇಕು ಅನ್ನುವ ಕಡೆ ಈತ ಬಿಚ್ಚಿ ಸರಿಮಾಡುತ್ತಾನೆ ಎಂದು ಊರಲ್ಲಿ ಹೆಸರಿತ್ತು. ಇದ್ದ ಒಂದೇ ಲಿಫ್ಟಿನ ಮೇಲೆ ಬೇರೊಂದು ಕಾರು ಗೇರ್‌ಬಾಕ್ಸ್ ಕಳಚಿಕೊಂಡು ನಿಂತಿತ್ತು. ಹಾಗಾಗಿ ಡಾಕ್ಟರ ಕಾರನ್ನು ನೆಲದ ಮೇಲೇ ಜಾಕಿನಿಂದ ಎತ್ತಿದ್ದರು. ಈ ಕಾರುಗಳ ಹೊಟ್ಟೆಗೆ ಅಗಲವಾದ ಪ್ಲಾಸ್ಟಿಕ್ ಕವಚವಿರುತ್ತದೆ. ಅದರ ತಿರುಪುಗಳನ್ನೆಲ್ಲ ಅಂಗಾತ ಮಲಗಿ ಬಿಚ್ಚಿದ ಮೇಲೇ ಆಯಿಲ್ ಇಳಿಸಲು ಸಾಧ್ಯ. ಅರ್ಧ ತಿರುಪುಗಳು ಬಟ್ಟಲಿಗೆ ಬಂದಿದ್ದವು. ಮಿಕ್ಕವು ಕಾರಿನಲ್ಲೇ ಇದ್ದವು. ಬಿಚ್ಚುತ್ತಿದ್ದ ಗಂಡನ ಎದೆಯ ಮೇಲೆ ಕಾರು ಕೂತಿತ್ತು.

ಒಳಗೆ ಗಾಳಿಯ ಕಂಪ್ರೆಸರ್ ಕಿವಿ ಹರಿಯುವಂತೆ ಓಡುತ್ತಿತ್ತು. ತೊಟ್ಟಿ ತುಂಬಿದರೆ ತಾನಾಗಿ ನಿಲ್ಲುವ ಯಂತ್ರ. ಆದರೆ ಕೊಳವೆಯ ಬಾಯಿ ತೆರೆದೇ ಇದ್ದುದರಿಂದ ಗಾಳಿ ಹೊರಗೆ ನುಗ್ಗುತ್ತಿತ್ತು. ಎಲ್ಲರೂ 'ಉದ್ದಣ್ಣ' ಎನ್ನುವ ಕಾನ್‌ಸ್ಟೇಬಲ್ ಗೋಡೆಯ ಮೇಲಿನ ಸ್ವಿಚ್ ಆರಿಸಿದ. ಆಗ ಬಿದ್ದ ನಿಶ್ಶಬ್ದದಲ್ಲಿ ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಗಂಡಸರ ಅಳತೆಯ ನೀಲಿ ಅಂಗಿ, ಕೈಯಲ್ಲಿ ಹೊಸ ಆಯಿಲ್ ಫಿಲ್ಟರಿನ ಡಬ್ಬಿ.

"ಇದನ್ನ ತರೋಕೆ ಹೋಗಿದ್ದೆ," ಎಂದಳು. "ಅವಸರದ ಮನುಷ್ಯ. ಸ್ಟ್ಯಾಂಡ್ ಇಡದೇ ನುಗ್ಗಿಬಿಟ್ಟಿದ್ದಾರೆ."

ಪಂಚನಾಮೆಯಲ್ಲಿ ಬರೆದದ್ದು: ಕಾರಿಗೆ ಆಸರೆ ಕೊಡುವ ನಾಲ್ಕೂ ಸ್ಟ್ಯಾಂಡುಗಳು ಗೋಡೆಯ ಗೂಡಿನಲ್ಲಿವೆ. ಜಾಕ್ ಪೂರ್ತಿ ಇಳಿದಿದೆ. ಮೃತನ ಬಲಗೈಯಲ್ಲಿ ಸ್ಪ್ಯಾನರ್. ಆ ಕೈಯ ಪಕ್ಕದ ಸಿಮೆಂಟಿನಲ್ಲಿ ಹೊಸ ಗುಳಿಗಳು.

ಅಸಹಜ ಮರಣವೆಂದು ದಾಖಲಾಯಿತು. ಮೃತನ ಅಕ್ಕ ಬಂದು ಎದೆ ಬಡಿದುಕೊಂಡು ಅತ್ತು, ಎಂಟು ವರ್ಷದ ಮಗಳನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ಹೆಂಡತಿ ಅಳಲಿಲ್ಲ. ಅದಕ್ಕೆ ಉದ್ದಣ್ಣ ಮುಖ ಸಿಂಡರಿಸಿದಾಗ ಹೆಡ್ ಕಾನ್‌ಸ್ಟೇಬಲ್ ಹೇಳಿದಳು, "ನಿನ್ನ ಹೆಂಡ್ತಿ ಅಳ್ತಾಳೆ ಅಂತ ಗ್ಯಾರಂಟಿ ಇದ್ಯಾ ನಿಂಗೆ?" ಠಾಣೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವಳು ಅವಳು. ಅಳದವರನ್ನೆಲ್ಲ ಅನುಮಾನಿಸಿದರೆ ಅರ್ಧ ಊರನ್ನೇ ಒಳಗೆ ಹಾಕಬೇಕಾದೀತೆಂದು ಗೊತ್ತಿತ್ತು.

ಗುರುವಾರ ಎರಡು ವರದಿಗಳು ಬಂದವು. ಜಾಕ್ ಸರಿಯಾಗಿದೆ, ಅದನ್ನು ಇಳಿಸುವ ಕವಾಟವನ್ನು ಯಾರೋ ಅರ್ಧ ಸುತ್ತು ತಿರುಗಿಸಿದ್ದಾರೆ. ಮೃತ ಉಸಿರುಗಟ್ಟಿ ಸತ್ತಿದ್ದಾನೆ, ತಕ್ಷಣ ಸತ್ತಿಲ್ಲ.

ಇನ್‌ಸ್ಪೆಕ್ಟರ್ ಉದ್ದಣ್ಣನ ಜೊತೆ ಗ್ಯಾರೇಜಿನ ಎದುರಿನ ಹೊಲಿಗೆ ಅಂಗಡಿಗೆ ಹೋದರು. ದರ್ಜಿ ಹೆಂಗಸು ಮಷಿನ್ ನಿಲ್ಲಿಸದೆಯೇ ಮಾತಾಡಿದಳು.

"ಅವತ್ತು ಏನಾದ್ರೂ ಕೇಳಿಸ್ತಾ?"

"ದಿನಾ ಕೇಳಿಸೋದೇ. ಇವಳು ಸ್ಟ್ಯಾಂಡ್ ಇಟ್ಟು, ಅದರ ಮೇಲೆ ಎರಡು ಸಲ ಬಡೀತಾಳೆ. ಟಣ್ ಟಣ್. ಇಟ್ಟಾಯ್ತು, ಬನ್ನಿ ಅಂತ. ಆಮೇಲೆ ಅವನು ಕೆಳಗೆ ಹೋಗ್ತಾನೆ."

"ಬಗ್ಗಿ ನೋಡಲ್ವಾ?"

"ಅವನಾ? ಬಗ್ಗಿದ್ರೆ ಕಿರೀಟ ಬಿದ್ದೋಗುತ್ತಲ್ಲ. ಹೆಂಡ್ತಿ ಹತ್ರ ಮಾತಾಡಿದ್ರೂ ಬಾಯಿ ಸವೆಯುತ್ತೆ ಅಂತ ಸ್ಪ್ಯಾನರಲ್ಲೇ ಕರೀತಿದ್ದ. ಎರಡು ಬಡಿದ ಅಂದ್ರೆ ಇವಳು ಎದುರಿಗಿರಬೇಕು. ಗಿರಾಕಿಗಳ ಮುಂದೆ ಬಡಿದು ತೋರಿಸೋನು, ನೋಡಿ ಹೆಂಗೆ ಓಡಿ ಬರ್ತಾಳೆ ಅಂತ. ಅವರೂ ನಗೋರು. ನಾನೂ ಒಂದೆರಡು ಸಲ ನಕ್ಕಿದೀನಿ ಬಿಡಿ."

"ಅವತ್ತು?"

ಮಷಿನ್ ನಿಂತಿತು. "ಮೊದಲು ಅವಳದು. ಮೆಲ್ಲಗೆ ಬಡೀತಾಳೆ, ಗೊತ್ತಾಗುತ್ತೆ. ಆಮೇಲೆ ಅವನದು. ಅವತ್ತು ಯಾಕೋ ಒಂದೇ ಸಮನೆ ಕರೆದ. ಟಣ್ ಟಣ್, ಟಣ್ ಟಣ್. ಎಲ್ಲಿ ಹಾಳಾಗಿ ಹೋದ್ಲಪ್ಪ ಅನ್ಕೊಂಡೆ. ಅಷ್ಟರಲ್ಲಿ ಆ ಗಾಳಿ ಮಷಿನ್ ಶುರುವಾಯ್ತು. ಮತ್ತೇನೂ ಕೇಳಲಿಲ್ಲ."

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಕೇಳಿದರು, "ಆ ಸ್ವಿಚ್ ಎಷ್ಟು ಎತ್ತರದಲ್ಲಿತ್ತು, ಉದ್ದಣ್ಣ?"

"ನನ್ನ ಭುಜದ ಮಟ್ಟಕ್ಕೆ, ಸಾರ್."

"ಕಾರಿನ ಕೆಳಗೆ ಸಿಕ್ಕವನು ಎದ್ದು ಬಂದು ಹಾಕಿರಲ್ಲ."

ಹೆಂಡತಿಯನ್ನು ಠಾಣೆಗೆ ಕರೆಸಿದರು. ಬೆಂಚಿನ ತುದಿಯಲ್ಲಿ, ಯಾರಾದರೂ ಬಂದರೆ ಜಾಗ ಬಿಡುವವಳ ಹಾಗೆ ಕೂತಳು. ಉಗುರಿನ ಸಂದಿಯ ಮಸಿ ಹಾಗೇ ಇತ್ತು.

"ಬಡಿದದ್ದು ನೀವೇ?"

"ಹೌದು."

"ಸ್ಟ್ಯಾಂಡ್ ಇಟ್ಟಿದ್ರಾ?"

"ಇಲ್ಲ. ಗೂಡಲ್ಲಿದ್ದ ಸ್ಟ್ಯಾಂಡ್ ಮೇಲೇ ಬಡಿದೆ. ನೋಡೋರಲ್ಲವಲ್ಲ ಅವರು."

"ಜಾಕ್ ಇಳಿಸಿದ್ದು?"

"ನಾನೇ. ಮೆಲ್ಲಗೆ ಇಳಿಸಿದೆ. ಅರ್ಧ ಸುತ್ತು."

"ಬೇಗ ಇಳಿಸಿದ್ರೆ ಬೇಗ ಮುಗೀತಿತ್ತು."

"ಗೊತ್ತು," ಎಂದಳು. ಆ ಮಾತನ್ನು ಬರೆದುಕೊಳ್ಳುತ್ತಿದ್ದ ಉದ್ದಣ್ಣನ ಪೆನ್ನು ನಿಂತಿತು.

"ಕೂಗಲಿಲ್ವಾ?"

"ಕೂಗೋಕೆ ಉಸಿರಿರಲಿಲ್ಲ. ಕೈ ಒಂದು ಹೊರಗಿತ್ತು. ನೆಲಕ್ಕೆ ಬಡಿದು ಕರೆದರು." ಅವಳು ತನ್ನ ಅಂಗೈ ನೋಡಿಕೊಂಡಳು. "ಅಲ್ಲೇ, ಮಾರುದೂರದಲ್ಲಿ ನಿಂತಿದ್ದೆ. ಒಂದೊಂದು ಸಲ ಬಡಿದಾಗಲೂ ಕಾಲು ತಾನಾಗಿ ಮುಂದೆ ಹೋಗ್ತಿತ್ತು. ಅದಕ್ಕೇ ಮಷಿನ್ ಹಾಕಿದೆ. ಕೇಳಿಸಿದ್ರೆ ಹೋಗಿಬಿಡ್ತಿದ್ದೆ."

ಬೀದಿಗೆ ಕೇಳಬಾರದೆಂದು ಯಂತ್ರ ಹಾಕಿದಳೆಂದು ಇನ್‌ಸ್ಪೆಕ್ಟರ್ ಅಂದುಕೊಂಡಿದ್ದರು. ಹೆಡ್ ಕಾನ್‌ಸ್ಟೇಬಲ್ ಕೇಳಿದಳು, "ಇಷ್ಟು ವರ್ಷ ತಡ್ಕೊಂಡೋಳು. ಅವತ್ತೇ ಯಾಕಮ್ಮ?"

"ಬೆಳಿಗ್ಗೆ ತಿಂಡಿಗೆ ಕೂತಾಗ ತಟ್ಟೆ ಮೇಲೆ ಎರಡು ಬಡಿದರು. ನಾನು ಬರೋದರೊಳಗೆ ಮಗಳು ಎದ್ದು ಹೋಗಿ ನಿಂತಿದ್ದಳು. ತಾಯಿಗಿಂತ ಮರಿ ಚುರುಕು ಅಂತ ನಕ್ಕರು. ಅವಳಿಗೆ ಖುಷಿಯಾಯ್ತು. ಅಪ್ಪ ಹೊಗಳಿದರು ಅಂತ."

ಗುರುವಾರ ಸಂಜೆ ಕೊಲೆಯ ಆರೋಪದಲ್ಲಿ ಎಫ್‌ಐಆರ್ ದಾಖಲಾಯಿತು. ಹಲ್ಲಿನ ಡಾಕ್ಟರು ಫೋನ್ ಮಾಡಿ, ಅರ್ಧ ಕಳಚಿದ ಕವಚವನ್ನು ಪೊಲೀಸರೇ ಹಾಕಿಸಿ ಕೊಡುತ್ತಾರೆಯೇ ಎಂದು ವಿಚಾರಿಸಿದರು.

ಶುಕ್ರವಾರ ಬಂಧನದ ಸೂಚನೆ ಕೊಡಲು ಹೆಡ್ ಕಾನ್‌ಸ್ಟೇಬಲ್ ಮೃತನ ಅಕ್ಕನ ಮನೆಗೆ ಹೋದಳು. ಅಚ್ಚುಕಟ್ಟಾದ ಮನೆ, ಒರೆಸಿದ ನೆಲ ಇನ್ನೂ ಹಸಿಯಿತ್ತು. ಅಕ್ಕ ಓದಿ, ಸಹಿ ಹಾಕಿ, ತಮ್ಮನ ಹೆಂಡತಿಗೆ ಶಾಪ ಹಾಕಿ ಮುಗಿಸಿದಳು.

"ಮಗೂನ ಒಂದ್ಸಲ ನೋಡ್ಬೇಕಿತ್ತು."

"ಅದಕ್ಕೇನಂತೆ," ಎಂದು ಅಕ್ಕ ಮೇಜಿನ ಮೇಲಿದ್ದ ಲೋಟವನ್ನು ಎತ್ತಿ ಎರಡು ಸಲ ಕುಕ್ಕಿದಳು.

ಒಳಕೋಣೆಯಿಂದ ಹುಡುಗಿ ಓಡಿ ಬಂದು ಕೈಕಟ್ಟಿ ನಿಂತಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಇತ್ತು. ನಿದ್ದೆಯಿಂದ ಎದ್ದು ಬಂದಿದ್ದಳು.

"ನಮ್ಮಪ್ಪನ ಕಾಲದಿಂದ್ಲೂ ನಮ್ಮಲ್ಲಿ ಹೀಗೇ," ಎಂದಳು ಅಕ್ಕ. "ಗಂಟಲು ಹರ್ಕೊಂಡು ಕೂಗೋ ಮನೆತನ ಅಲ್ಲ ನಮ್ದು."

ಸಂಜೆ ಠಾಣೆಗೆ ಮರಳಿದಾಗ ಹುಡುಗಿಯ ತಾಯಿ ಲಾಕಪ್ಪಿನಲ್ಲಿ ಗೋಡೆಗೆ ಮುಖಮಾಡಿ ಕೂತಿದ್ದಳು. ಹೆಡ್ ಕಾನ್‌ಸ್ಟೇಬಲ್ ಕೈಯಲ್ಲಿದ್ದ ಬೀಗದ ಕೈ ಅಭ್ಯಾಸಬಲದಿಂದ ಬಡಿದು ಕರೆಯಲು ಕಂಬಿಯವರೆಗೆ ಹೋಗಿ ನಿಂತಿತು. ಅವಳಾಗಿ ತಿರುಗಿ ನೋಡುವವರೆಗೂ ಹಾಗೇ ಕಾದಳು.

"ಮಗಳನ್ನ ನೋಡಿದ್ರಾ, ಮೇಡಂ?"

"ನೋಡಿದೆ."

"ಹೇಗಿದ್ದಾಳೆ?"

"ಚೆನ್ನಾಗಿದ್ದಾಳೆ. ನಿದ್ದೆ ಮಾಡ್ತಿದ್ಲು. ನಾನೇ ಎಬ್ಬಿಸ್ಬೇಡಿ ಅಂದೆ."

ಅವಳ ಭುಜಗಳು ಮೊದಲ ಸಲ ಇಳಿದವು. ಅಷ್ಟಾದರೂ ಆಯಿತಲ್ಲ ಎಂಬಂತೆ ಕಣ್ಣು ಮುಚ್ಚಿದಳು.