ಜೋಡಿಸದ ಚುಕ್ಕಿಗಳು

"ಪೊರಕೆ ಹಿಡಿಯೋ ಕೈಗೆ ಲೆಕ್ಕ ಹತ್ತೋದಿಲ್ಲ ಕಣೇ" ಎಂದಿದ್ದವನು ರಾಜಗುರು ವಕ್ರನಾಭ. ಬಹಳ ಹಿಂದೆ, ಮಂಜುಗಲ್ಲು ಎಂಬ ರಾಜ್ಯದಲ್ಲಿ, ಅರಮನೆಯ ಅಂಗಳ ಗುಡಿಸುತ್ತಿದ್ದ ಕೆಂಚವ್ವನಿಗೆ ಅಂದ ಮಾತು ಅದು. ಆದರೂ ಅವಳು ಪಾಠಶಾಲೆಯ ಕಿಟಕಿಯ ಹೊರಗೆ ನಿಂತೇ ಓದು ಕಲಿತಳು, ಲೆಕ್ಕ ಕಲಿತಳು. ಕೋಟೆಯಾಚೆ ಒಂಟಿ ಗುಡಿಸಲು ಅವಳದು. ಹೆಸರು ಹಿಡಿದು ಕರೆಯುತ್ತಿದ್ದವಳು ಬಳೆಗಾರ್ತಿ ಸಂಕಮ್ಮ ಒಬ್ಬಳೇ.

ಒಂದು ವರ್ಷ ಊರಿಗೆ ಮಾಟ ತಗುಲಿತು. ಜನರ ಮಾತು ದಿನದಿನಕ್ಕೆ ಕರಗತೊಡಗಿತು. ಸಂಕಮ್ಮನಿಗೆ ದಿನಕ್ಕೆ ಆರೇ ಮಾತು ಉಳಿದವು. ಅದರಲ್ಲೊಂದನ್ನು "ಕೆಂಚವ್ವಾ" ಎನ್ನಲು ಎತ್ತಿಡುತ್ತಿದ್ದಳು. ಅದೂ ಹೋದರೆ?

ಕೆಂಚವ್ವ ಮನೆಮನೆ ವಿಚಾರಿಸಿ ಬಂದು, ಅರಮನೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಮನೆಗೊಂದು ಚುಕ್ಕಿ ಇಟ್ಟಳು. ಮೇಲಕ್ಕೆ ಉಳಿದ ಮಾತು, ಅಡ್ಡಕ್ಕೆ ಮನೆಯ ಹಿರಿಯರ ವಯಸ್ಸು. ಚುಕ್ಕಿಗಳು ಚೆಲ್ಲಿದ ರಾಗಿಯಂತೆ ಬಿದ್ದವು. ಅಡ್ಡಕ್ಕೆ ಉಂಡ ಉಪ್ಪಿನ ಅಳತೆ ಇಟ್ಟಳು. ಮತ್ತೆ ಚೆಲ್ಲಿದ ರಾಗಿ. ಮೂರನೆಯ ಸಲ, ಅರಮನೆಯ ಬಾವಿಯಿಂದ ಮನೆಗೆ ಎಷ್ಟು ಹೆಜ್ಜೆ ಎಂಬುದನ್ನು ಇಟ್ಟಳು. ಚುಕ್ಕಿಗಳು ಎಡದಿಂದ ಬಲಕ್ಕೆ ಮೆಲ್ಲಗೆ ಮೇಲೇರಿದವು.

ರಾಣಿ ಬಂದು, ರೂಢಿಯಂತೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದಳು. ಎಲ್ಲ ಕಗ್ಗಂಟಾಯಿತು.

"ಹಾವೇ?" ಎಂದಳು. ಆ ದಿನಕ್ಕೆ ಅವಳಿಗಿದ್ದದ್ದು ಅದೊಂದೇ ಮಾತು.

"ಜೋಡಿಸಬಾರದು ತಾಯಿ, ಇದು ರಂಗೋಲಿಯಲ್ಲ." ಕೆಂಚವ್ವ ಗೆರೆಗಳನ್ನು ಅಳಿಸಿ, ನಡುವೆ ಒಂದೇ ನೇರ ಗೆರೆ ಎಳೆದಳು. ಮೇಲೆಷ್ಟೋ ಕೆಳಗೂ ಅಷ್ಟೇ ಚುಕ್ಕಿ. "ಬಾವಿಗೆ ಹತ್ತಿರವಾದಷ್ಟೂ ಮಾತು ಕಡಿಮೆ; ಕೋಟೆಯಾಚೆ ಇರುವ ನನಗೆ ಇನ್ನೂ ಉಳಿದಿದೆ. ಈ ಒಂಟಿ ಚುಕ್ಕಿ ಮಾತ್ರ ನೋಡಿ. ಬಾವಿಗೆ ಹತ್ತೇ ಹೆಜ್ಜೆ, ಮಾತಿಗೆ ಮಾತ್ರ ಬರವಿಲ್ಲ."

"ಕಸ ಗುಡಿಸುವವಳ ಚುಕ್ಕಿ ನಂಬುತ್ತೀರಾ ಮಹಾರಾಣಿ? ಇವಳಿಗೆ ಮಗ್ಗಿಯಾದರೂ ಬರುತ್ತದೆಯೇ? ನಾನು ಇಷ್ಟು ವರ್ಷ..." ವಕ್ರನಾಭ ಮಾತಾಡುತ್ತಲೇ ಇದ್ದ. ಮೂಕರಾಗಿ ನಿಂತವರೆಲ್ಲ ಅವನತ್ತ ತಿರುಗಿದರು.

ಕೆಂಚವ್ವ ಬಾವಿಗಿಳಿದಳು. ತಳದಲ್ಲಿ ಏಳು ಹೆಡೆಯ ಸರ್ಪ ಒಂದು ಮಣ್ಣಿನ ಕೊಡವನ್ನು ಸುತ್ತಿಕೊಂಡಿತ್ತು.

"ವಕ್ರನಾಭ ಕದ್ದ ಮಾತೆಲ್ಲ ಇದರಲ್ಲಿದೆ" ಎಂದಿತು ಸರ್ಪ. "ಒಡೆದರೆ ಎಲ್ಲರಿಗೂ ಮರಳುತ್ತದೆ. ಒಡೆದವಳ ದನಿ ಮಾತ್ರ ನನಗೆ."

"ನನ್ನ ಗುಡಿಸಲಲ್ಲಿ ಮಾತಾಡಿಸೋಕೆ ಯಾರಿದ್ದಾರೆ, ತಗೋ" ಎಂದು ಕೆಂಚವ್ವ ಪೊರಕೆಯ ಹಿಡಿಯಿಂದ ಕೊಡ ಒಡೆದಳು. ಅದೇ ಅವಳ ಕೊನೆಯ ಮಾತು. ಮೇಲೆ, ಮಾಡಿದ ಮಾಟ ತಿರುಗಿ ಬಿದ್ದು ವಕ್ರನಾಭ ನಿಂತಲ್ಲೇ ಬೂದಿಯಾದ. ಆ ಬೂದಿಯನ್ನೂ ಅವಳೇ ಗುಡಿಸಿದಳು.

ಊರು ಗಲಗಲ ಮಾತಾಡುತ್ತ ಸುಖವಾಗಿ ಬಾಳಿತು. ಪಾಠಶಾಲೆ ಈಗ ಕೆಂಚವ್ವನದು. ಬೀಗದಕೈ ಅವಳ ಸೊಂಟದಲ್ಲಿದೆ, ಆ ಕಿಟಕಿಯ ಒಳಗಡೆ ಅವಳ ಪೀಠವಿದೆ. ಸಂಕಮ್ಮ ದಿನವೂ ಬಾಗಿಲಿಗೆ ಬಂದು, ಒಂದಲ್ಲ, ಹತ್ತು ಸಲ "ಕೆಂಚವ್ವಾ" ಎಂದು ಕರೆಯುತ್ತಾಳೆ. ಓಗೊಡಲು ದನಿಯಿಲ್ಲ.