ಅಂಥದ್ದೇನೂ ಇಲ್ಲ ಅಂದ ಬೋರ್ಡು

“ಮಿಸ್, ಮತ್ತೆ ಅದೇ ಬಂತು!”

ಮೈಕು ಕೂಗಿದ ಜೋರಿಗೆ ಲ್ಯಾಬಿನ ಹದಿನೈದು ತಲೆಗಳಲ್ಲಿ ಹದಿನಾಲ್ಕು ತಿರುಗಿದವು. ತಿರುಗದ ಒಂದು ತಲೆ ಅವಳದೇ. ಅದು ಪರದೆಯನ್ನು ದುರುಗುಟ್ಟಿಕೊಂಡು ನೋಡುತ್ತಿತ್ತು.

ಪರದೆಯ ಮೇಲೆ ಒಂದೇ ಸಾಲು: ನೋ ಸಚ್ ಫೈಲ್ ಆರ್ ಡೈರೆಕ್ಟರಿ.

“ಹಂಗಂದ್ರೆ ಏನು ಮಕ್ಕಳೇ?” ಕಂಪ್ಯೂಟರ್ ಮಿಸ್ ಕಿಟಕಿಯ ಹತ್ತಿರದಿಂದಲೇ ಕೇಳಿದರು.

“ಅಂಥದ್ದೇನೂ ಇಲ್ಲಾ... ಅಂತ!” ಇಡೀ ಕ್ಲಾಸು ರಾಗ ಎಳೆಯಿತು.

“ಹಾಂ. ಏನು ಇಲ್ಲ ಅಂತಿದೆ, ಯಾಕೆ ಇಲ್ಲ ಅಂತಿದೆ, ನೋಡಮ್ಮ. ಪಕ್ಕದವರನ್ನ ಕೇಳು. ನಾನು ಈ ಸಾಲು ಮುಗಿಸಿ ಬರ್ತೀನಿ.”

ಪಕ್ಕದವರನ್ನ ಕೇಳಬೇಕಂತೆ! ಮೈಕು ಪಕ್ಕಕ್ಕೆ ನೋಡಿದಳು. ಅಲ್ಲಿ ಒಂದು ಖಾಲಿ ಕುರ್ಚಿ ಇತ್ತು. ಕುರ್ಚಿಗೆ ನಾಲ್ಕು ಕಾಲಿದ್ದವು, ಬಾಯಿ ಇರಲಿಲ್ಲ.

ಹೋದ ವಾರದವರೆಗೂ ಆ ಕುರ್ಚಿಯಲ್ಲಿ ಜೋಳಿಗೆ ಕೂರುತ್ತಿದ್ದಳು. ಅವಳ ಬ್ಯಾಗಿನಲ್ಲಿ ಕತ್ತರಿ, ಟೇಪು, ರಬ್ಬರ್ ಬ್ಯಾಂಡು, ಗುಂಡಿ, ನೇಲ್ ಪಾಲಿಷ್, ಏನು ಕೇಳಿದರೂ ಸಿಗುತ್ತಿದ್ದರಿಂದ ಅವಳಿಗೆ ಆ ಹೆಸರು. ಮೈಕುಗೆ ಆ ಹೆಸರು ಬಂದದ್ದು ಯಾರ ದನಿಯನ್ನಾದರೂ ಕೇಳಿದ ಮರುಕ್ಷಣವೇ ಅದನ್ನು ಎರಡರಷ್ಟು ಜೋರಾಗಿ ಒದರುತ್ತಿದ್ದರಿಂದ. ಮಿಸ್ಸಿನ ದನಿ, ವಾಚ್‌ಮನ್ ಮಾಮನ ಕೆಮ್ಮು, ಬಾಗಿಲಿನ ಕಿರುಗುಟ್ಟುವಿಕೆ ಕೂಡ.

ಆಮೇಲೆ ಹೊಸ ಹುಡುಗಿ ಬಂದಳು. ಮಾತಾಡಿದರೆ ಗಾಳಿ ಬೀಸಿದ ಹಾಗೆ ಅಷ್ಟೇ. ಎರಡೇ ದಿನದಲ್ಲಿ ಎಲ್ಲರೂ ಅವಳನ್ನು ಪಿಸು ಎಂದು ಕರೆಯತೊಡಗಿದರು. ಮಿಸ್ ಹೇಳಿದ್ದರು, “ಜೋಳಿಗೆ, ನೀನು ಇವಳ ಜೊತೆ ಕೂತು ಎಲ್ಲ ತೋರಿಸು. ಮೈಕು, ನೀನು ಒಬ್ಬಳೇ ಮಾಡ್ತೀಯ. ಜಾಣೆ ನೀನು.”

ಜಾಣೆಯಂತೆ. ಹೊಗಳಿಕೆ ಹೀಗೂ ಚುಚ್ಚುತ್ತದೆ ಎಂದು ಮೈಕುಗೆ ಗೊತ್ತಿರಲಿಲ್ಲ. ಇನ್ನೂ ಒಂದು ಸಂಕಟವಿತ್ತು. ಎಲ್ಲರ ಮಿಮಿಕ್ರಿ ಮಾಡುವ ಅವಳಿಗೆ ಪಿಸುವಿನ ಮಿಮಿಕ್ರಿ ಮಾಡಲು ಆಗುತ್ತಿರಲಿಲ್ಲ. ಕೇಳಿಸಿದರೆ ತಾನೇ?

ಇತ್ತ ಮೇಜಿನ ಮೇಲೆ ಅಂಗೈಯಗಲದ ಹಸಿರು ಬೋರ್ಡು ಬಿದ್ದುಕೊಂಡಿತ್ತು. ನೋಡುವುದಕ್ಕೆ ಒಡೆದ ರೇಡಿಯೋದ ತುಂಡಿನ ಹಾಗಿದ್ದರೂ ಅದೇ ಒಂದು ಇಡೀ ಕಂಪ್ಯೂಟರು. ಒಳಗೆ ಲಿನಕ್ಸ್ ಓಡುತ್ತಿತ್ತು. ನಾಲ್ಕು ತಂತಿ ಹಾಕಿ ಅದಕ್ಕೆ ಬೆರಳುಗುರಿನಷ್ಟು ಸೆನ್ಸರು ಜೋಡಿಸಿದರೆ ಎಷ್ಟು ಡಿಗ್ರಿ ಬಿಸಿ ಎಂದು ಅದು ಹೇಳಬೇಕು. ಸ್ಕೂಲಿನಲ್ಲಿ ಇದ್ದದ್ದೇ ಎರಡು ಸೆನ್ಸರು. ಒಂದು ಮೈಕುಗೆ, ಇನ್ನೊಂದು ಜೋಳಿಗೆ-ಪಿಸುಗೆ. ಉಳಿದವರಿಗೆಲ್ಲ ಬಲ್ಬು, ಬಟನ್ನು. ಇವತ್ತು ಮೂರು ಗಂಟೆಗೆ ಯಾರ ಬೋರ್ಡು ಸರಿಯಾಗಿ ಓದುತ್ತದೋ ಅದನ್ನು ವರಾಂಡದ ಮೀನಿನ ತೊಟ್ಟಿಯ ನೀರಿನ ಬಿಸಿ ಅಳೆಯಲು ಹಾಕುತ್ತಾರೆ. ಅದನ್ನು ತಾವಿಬ್ಬರೇ ಹಾಕಬೇಕು ಎಂದು ಮೈಕು, ಜೋಳಿಗೆ ತಿಂಗಳ ಹಿಂದೆಯೇ ಮಾತಾಡಿಕೊಂಡಿದ್ದರು.

“ಇಪ್ಪತ್ನಾಲ್ಕು!” ಅತ್ತ ಜೋಳಿಗೆ ಕುಣಿದಳು. “ಏ ಪಿಸು, ಇಪ್ಪತ್ನಾಲ್ಕು ಬಂತು ಕಣೇ!”

ಮೈಕು ಕತ್ತು ಉದ್ದ ಮಾಡಿ ಅವರ ಪರದೆ ನೋಡಿದಳು. ಲಿನಕ್ಸಿನಲ್ಲಿ ಡೆವ್ ಎಂದು ಒಂದು ಫೋಲ್ಡರು. ಹೊರಗಿನ ಸಾಮಾನುಗಳ ಜೊತೆ ಮಾತಾಡಲು ಬೋರ್ಡಿಗೆ ಎಷ್ಟು ಬಾಗಿಲುಗಳಿವೆಯೋ ಅಷ್ಟರ ಹೆಸರೂ ಅದರಲ್ಲಿರುತ್ತದೆ. ಸೆನ್ಸರಿನ ಬಾಗಿಲಿಗೆ ಐ-ಟೂ-ಸಿ-ಒನ್ ಎಂದು ಹೆಸರು. ಅವರ ಪಟ್ಟಿಯಲ್ಲಿ ಅದು ಠೀವಿಯಿಂದ ಕೂತಿತ್ತು. ತನ್ನ ಪಟ್ಟಿಯನ್ನು ಮೈಕು ಮೂರು ಸಲ ಬೆರಳಿಟ್ಟು ಓದಿದಳು. ಇಲ್ಲವೇ ಇಲ್ಲ.

“ಐ ಟೂ ಸೀ ಅಂತೆ! ನಾನು ಮಾತ್ರ ನೋ ಸೀ,” ಎಂದು ಗೊಣಗಿದಳು. “ಇದು ಡೆವ್ ಅಲ್ಲ, ದೆವ್ವ.”

ಜೋಕು ಚೆನ್ನಾಗಿತ್ತು. ಆದರೆ ನಗುವುದಕ್ಕೆ ಖಾಲಿ ಕುರ್ಚಿ ಬಿಟ್ಟರೆ ಯಾರೂ ಇರಲಿಲ್ಲ.

ನಿನ್ನೆ ಸಂಜೆ ಅಮ್ಮ ಹೊಲಿಗೆ ಮೆಷಿನ್ನಿನ ಮುಂದೆ ಕೂತು, ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡೇ ಮಗಳ ಮುಖ ನೋಡಿದ್ದರು. ಪಿನ್ನಿದ್ದಾಗ ಅಮ್ಮನಿಗೆ ‘ಮ’ ಬರುವುದಿಲ್ಲ.

“ಹೊಟ್ಟೆಕಿಚ್ಚೇನೇ ನಗಳೇ?”

ಬೇರೆ ದಿನವಾಗಿದ್ದರೆ ಮೈಕು ಅದನ್ನೇ ಹಿಡಿದು ಹತ್ತು ಸಲ ಅಣಕಿಸುತ್ತಿದ್ದಳು. ನಿನ್ನೆ ಮಾತ್ರ ‘ನಗಳೇ’ ಎಂದು ಕೇಳಿಸಿಕೊಂಡೂ ನಗಲಿಲ್ಲ.

“ಅಂಥದ್ದೇನೂ ಇಲ್ಲ!” ಎಂದು ಬಾಗಿಲು ಹಾಕಿಕೊಂಡಿದ್ದಳು.

ಊಟದ ಬೆಲ್ ಹೊಡೆಯಿತು. ಎಲ್ಲರೂ ಬೋರ್ಡು ಆಫ್ ಮಾಡಿ, ತಂತಿ ಬಿಚ್ಚಿಟ್ಟು ಓಡಿದರು. ಜೋಳಿಗೆ ಬಾಗಿಲ ಹತ್ತಿರ ಒಂದು ಸಲ ತಿರುಗಿ, “ಬರಲ್ವೇನೇ?” ಎಂದಳು. ಪಿಸುವಿನ ಕೈ ಅವಳ ಕೈಯೊಳಗಿತ್ತು.

“ನಂಗೆ ಹಸಿವಿಲ್ಲ,” ಎಂದಳು ಮೈಕು. ಅದೂ ಸುಳ್ಳು.

ಲ್ಯಾಬು ಖಾಲಿಯಾಯಿತು. ಅವರಿಗೆ ಒಳ್ಳೆ ಬೋರ್ಡು ಸಿಕ್ಕಿದೆ, ತನಗೆ ಕೆಟ್ಟದ್ದು. ಒಳ್ಳೆ ಫ್ರೆಂಡೂ ಅವರಿಗೇ, ಒಳ್ಳೆ ಬೋರ್ಡೂ ಅವರಿಗೇ ಎಂದರೆ ಹೇಗೆ? ಮೈಕು ಅತ್ತಿತ್ತ ನೋಡಿದಳು. ಎರಡು ಹೆಜ್ಜೆ. ಅವರ ಬೋರ್ಡು ತನ್ನ ಮೇಜಿಗೆ, ತನ್ನದು ಅವರ ಮೇಜಿಗೆ.

ಇನ್ನೇನು ಕೂರಬೇಕು, ಆಗ ಕಣ್ಣಿಗೆ ಬಿತ್ತು. ಬೋರ್ಡಿನ ಕೆಳಗೆ ಸಿಕ್ಕಿಸಿದ ಪುಟ್ಟ ಮೆಮೊರಿ ಕಾರ್ಡಿನ ಮೇಲೆ ಚೀಟಿ ಅಂಟಿಸಿ ರೋಲ್ ನಂಬರ್ ಬರೆದಿತ್ತು! ಸಿಕ್ಕಿಬೀಳುವುದಕ್ಕೆ ಅಷ್ಟೇ ಸಾಕು. ಅವಸರದಲ್ಲಿ ಎರಡೂ ಕಾರ್ಡು ಕಿತ್ತು, ಅವರ ಕಾರ್ಡು ಅವರ ಮೇಜಿನ ಬೋರ್ಡಿಗೆ, ತನ್ನದು ತನ್ನ ಮೇಜಿನ ಬೋರ್ಡಿಗೆ ತೂರಿಸಿದಳು. ಎಷ್ಟು ಜಾಣೆ ನಾನು ಎಂದುಕೊಂಡಳು. ಎದೆ ಮಾತ್ರ ಹೊಲಿಗೆ ಮೆಷಿನ್ನಿನ ಹಾಗೆ ಟಕಟಕ ಎನ್ನುತ್ತಿತ್ತು.

ಊಟವಾದ ಮೇಲೆ ಎಲ್ಲರೂ ಬೋರ್ಡು ಆನ್ ಮಾಡಿದರು. ಮೈಕು ತಂತಿ ಹಾಕಿ, ಉಸಿರು ಬಿಗಿಹಿಡಿದು ಎಂಟರ್ ಒತ್ತಿದಳು.

ನೋ ಸಚ್ ಫೈಲ್ ಆರ್ ಡೈರೆಕ್ಟರಿ.

“ಇಪ್ಪತ್ನಾಲ್ಕೂವರೆ!” ಅತ್ತ ಜೋಳಿಗೆ ಕೂಗಿದಳು.

ಮೈಕುವಿನ ಬಾಯಿ ತೊಟ್ಟಿಯ ಮೀನಿನ ಬಾಯಿಯ ಹಾಗೆ ತೆರೆದು ಮುಚ್ಚಿತು. ತನ್ನ ಕೆಟ್ಟ ಬೋರ್ಡು ಅವರ ಹತ್ತಿರ ಹೋಗಿ ಒಳ್ಳೆಯದಾಗಿದೆ! ಅವರ ಒಳ್ಳೆ ಬೋರ್ಡು ತನ್ನ ಹತ್ತಿರ ಬಂದು ಕೆಟ್ಟುಹೋಗಿದೆ! ಹಾಗಾದರೆ ಕೆಟ್ಟದ್ದು ಯಾವುದು? ಕೇಳೋಣವೆಂದರೆ ಯಾರನ್ನು ಕೇಳುವುದು, ಏನೆಂದು ಕೇಳುವುದು? ‘ನಿಮ್ಮ ಬೋರ್ಡು ಕದ್ದೆ, ಅದೂ ಓಡ್ತಿಲ್ಲ’ ಅಂತಲೇ?

ಕಣ್ಣು ತುಂಬಿ ಪರದೆ ಮಸುಕಾಯಿತು.

ಪಕ್ಕದಲ್ಲಿ ಏನೋ ಗಾಳಿಯಾಡಿದ ಹಾಗಾಯಿತು. ನೋಡಿದರೆ ಖಾಲಿ ಕುರ್ಚಿ ಖಾಲಿ ಇರಲಿಲ್ಲ. ಪಿಸು ಬಂದು ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು.

“ಏನು? ಕೇಳಿಸ್ತಿಲ್ಲ,” ಮೈಕು ರೇಗಿದಳು. ಆದರೂ ಕಿವಿಯನ್ನು ಹತ್ತಿರ ತಂದಳು. ಹತ್ತಿರ ತಂದರೆ ಪಿಸುವಿನ ದನಿ ಚೆನ್ನಾಗಿಯೇ ಕೇಳುತ್ತಿತ್ತು.

“ಆನ್ ಮಾಡಿಲ್ವಾ?”

“ಆನ್ ಆಗೇ ಇದೆಯಲ್ಲ! ಲೈಟ್ ಕಾಣಲ್ವಾ?”

“ಬೋರ್ಡಲ್ಲ. ಐ-ಟೂ-ಸಿ. ಸೆಟಿಂಗ್ಸಲ್ಲಿ ಅದು ಆಫ್ ಇರುತ್ತೆ. ನಾವೇ ಆನ್ ಮಾಡಬೇಕು. ಹೋದ ಗುರುವಾರ ಮಿಸ್ ಹೇಳಿದ್ರಲ್ಲ, ‘ಸೆನ್ಸರ್ ಇರೋರು ಕೇಳಿಸ್ಕೊಳ್ಳಿ’ ಅಂತ?”

ಹೋದ ಗುರುವಾರ! ಮಿಸ್ ಆಡಿದ ಒಂದೊಂದು ಮಾತೂ ಮೈಕುಗೆ ಬಾಯಿಪಾಠ. ‘ಸೆನ್ಸರ್ ಇರೋರು ಕೇಳಿಸ್ಕೊಳ್ಳಿ’ ಎಂದು ಮಿಸ್ ಅಂದದ್ದೂ ಗೊತ್ತು. ಅದನ್ನೇ ಹಿಂದಿನ ಮೇಜಿನಲ್ಲಿ ನಿಂತು, ಸೊಂಟದ ಮೇಲೆ ಕೈಯಿಟ್ಟು, ಮಿಸ್ಸಿನ ದನಿಯಲ್ಲೇ ಮೂರು ಸಲ ಹೇಳಿದ್ದಳು. ಜೋಳಿಗೆ ತಿರುಗಿ ನೋಡಲಿ, ನಗಲಿ ಎಂದು. ಜೋಳಿಗೆ ನಕ್ಕಿದ್ದಳು ಕೂಡ. ಅಷ್ಟರಲ್ಲಿ ಮಿಸ್ ಮುಂದಿನ ಮಾತು ಹೇಳಿ ಮುಗಿಸಿದ್ದರು.

“ಆ ಸೆಟಿಂಗು ಎಲ್ಲಿರುತ್ತೆ? ಬೋರ್ಡಲ್ಲಾ?” ಮೈಕು ಮೆಲ್ಲಗೆ ಕೇಳಿದಳು.

“ಕಾರ್ಡಲ್ಲಿ.”

ಕಾರ್ಡಲ್ಲಿ. ತಾನೇ ಕೈಯಾರೆ ಕಿತ್ತು, ತಾನೇ ವಾಪಸ್ ತಂದುಕೊಂಡ ಕಾರ್ಡಿನಲ್ಲಿ. ಮೈಕುಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

“ಮತ್ತೆ ಇದು ಯಾಕೆ ‘ಅಂಥದ್ದೇನೂ ಇಲ್ಲ’ ಅಂತ ಸುಳ್ಳು ಹೇಳುತ್ತೆ?”

“ಸುಳ್ಳಲ್ಲ. ಒಳಗೆ ಇದ್ದೇ ಇರುತ್ತೆ. ಆಫ್ ಆಗಿದ್ರೆ ಅದಕ್ಕೆ ಕಾಣಲ್ಲ. ಕಾಣದೆ ಇರೋದಕ್ಕೆ ಇಲ್ಲ ಅಂದ್ಬಿಡುತ್ತೆ,” ಎಂದಳು ಪಿಸು. “ನಂಗೂ ಹಳೇ ಸ್ಕೂಲಲ್ಲಿ ಹಿಂಗೇ ಆಗಿತ್ತು. ಟಾಯ್ಲೆಟ್ಟಲ್ಲಿ ಕೂತು ಅತ್ತಿದ್ದೆ.”

ಮೈಕು ಸೆಟಿಂಗ್ಸ್ ತೆಗೆದಳು. ಐ-ಟೂ-ಸಿ ಎಂದು ಬರೆದ ಕಡೆ ಆನ್ ಒತ್ತಿದಳು. ಬೋರ್ಡು ಮಲಗಿ ಎದ್ದಿತು. ಪಟ್ಟಿ ತೆಗೆದರೆ ಐ-ಟೂ-ಸಿ-ಒನ್, ಇಷ್ಟು ಹೊತ್ತೂ ಅಲ್ಲೇ ಇದ್ದೆ ಎಂಬ ಮುಖದಲ್ಲಿ ಕೂತಿತ್ತು.

ಇಪ್ಪತ್ನಾಲ್ಕು.

ಮೈಕು ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದಳು. ಇಪ್ಪತ್ತೈದು. ಇಪ್ಪತ್ತೇಳು. ಇಬ್ಬರೂ ನೋಡುತ್ತ ಕೂತರು.

“ಏ!” ಜೋಳಿಗೆಯ ದನಿ. “ನಮ್ ನೀಲಿ ಚುಕ್ಕೆ ಎಲ್ಲೋಯ್ತು? ಬೋರ್ಡಿನ ಕೆಳಗೆ ನೇಲ್ ಪಾಲಿಷಲ್ಲಿ ಚುಕ್ಕೆ ಇಟ್ಟಿದ್ದೆ ಕಣ್ರೇ. ಇದು ನಮ್ದಲ್ಲ!”

ಅವಸರದಲ್ಲಿ ಕಾರ್ಡಿನ ಚೀಟಿಯನ್ನೊಂದೇ ಓದಿದ್ದ ಮೈಕು ತನ್ನ ಮುಂದಿನ ಬೋರ್ಡನ್ನು ಈಗ ಸ್ವಲ್ಪವೇ ಎತ್ತಿ ನೋಡಿದಳು. ಕೆಳಗೆ ನೀಲಿ ಚುಕ್ಕೆ. ಪಿಸುವೂ ನೋಡಿದಳು.

“ಎರಡೂ ಒಂದೇ ಥರ ಇವೆಯಲ್ಲ,” ಎಂದಳು ಪಿಸು, ಮೈಕುಗೆ ಮಾತ್ರ ಕೇಳುವಷ್ಟು. “ಮಿಕ್ಸ್ ಆಗಿರಬಹುದು.”

ಜೋಳಿಗೆ ಎದ್ದು ಬಂದೇಬಿಟ್ಟಳು. ಮೈಕುವಿನ ಮುಖ ನೋಡಿದಳು, ಬೋರ್ಡು ನೋಡಿದಳು, ಮತ್ತೆ ಮುಖ ನೋಡಿದಳು.

“ಊಟಕ್ಕೆ ಬರ್ಲಿಲ್ಲ ನೀನು. ಬದಲಾಯಿಸಿಬಿಟ್ಯಾ?”

“ಅಂಥದ್ದೇ...” ಎಂದು ಬಾಯಿ ತಾನಾಗಿಯೇ ಶುರುಮಾಡಿತು. ಪರದೆಯಲ್ಲಿ ಇಪ್ಪತ್ತೊಂಬತ್ತು ಇತ್ತು. ಮೈಕು ಅದನ್ನೇ ನೋಡುತ್ತ ಅರ್ಧ ಮಾತು ನುಂಗಿದಳು.

“ಹೂಂ,” ಎಂದಳು. “ನಾನೇ.”

“ಏನು? ಕೇಳಿಸ್ಲಿಲ್ಲ. ಪಿಸು ಮಿಮಿಕ್ರಿನಾ?”

“ಅಲ್ಲ. ನಾನೇ ಬದಲಾಯಿಸಿದೆ. ನೀವಿಬ್ರೂ ಜೊತೇಲಿ...” ಮುಂದಕ್ಕೆ ಬರಲಿಲ್ಲ. “ನಂಗೆ ಹೊಟ್ಟೆಕಿಚ್ಚಾಯ್ತು.”

ಯಾರ ದನಿಯೂ ಅಲ್ಲದ ಒಂದು ಸಣ್ಣ ದನಿ ಅದು. ಅವಳದೇ ಇರಬೇಕು.

ಜೋಳಿಗೆಯ ಮೂಗು ಕೆಂಪಾಯಿತು. ತನ್ನ ಮೇಜಿನಿಂದ ಬೋರ್ಡು ತಂದು ಟಕ್ಕೆಂದು ಇಟ್ಟಳು. ಕಿರುಬೆರಳು ಎತ್ತಿ ಮೈಕುವಿನ ಮೂಗಿನ ಮುಂದೆ ಹಿಡಿದಳು.

“ಟೂ! ನಿನ್ ಜೊತೆ ಟೂ. ಮೂರು ಗಂಟೆವರೆಗೂ ನಾನು ಮಾತಾಡಲ್ಲ!”

ಹಾಗೆಂದವಳು ತನ್ನ ಮೇಜಿಗೆ ಹೋಗಲಿಲ್ಲ. ಕುರ್ಚಿ ಎಳೆದು ಪಿಸುವಿನ ಪಕ್ಕ ಕೂತು, ಮುಖ ಆ ಕಡೆ ತಿರುಗಿಸಿದಳು.

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಏಳು ನಿಮಿಷ ಇತ್ತು.

ಮೈಕು ಮುಷ್ಟಿ ಬಿಚ್ಚಿ ಸೆನ್ಸರನ್ನು ಮೇಜಿನ ಮೇಲೆ ಬಿಟ್ಟಳು. ಇಪ್ಪತ್ತೊಂಬತ್ತು ಇದ್ದದ್ದು ಇಪ್ಪತ್ತೆಂಟಾಯಿತು. ಸ್ವಲ್ಪ ಹೊತ್ತಿಗೆ ಇಪ್ಪತ್ತೇಳು. ಆ ಕಡೆ ತಿರುಗಿದ್ದ ಜೋಳಿಗೆ ಓರೆಗಣ್ಣಲ್ಲಿ ಅದನ್ನೇ ನೋಡುತ್ತಿದ್ದಳು.